ಕೂಸಿನ ಅರಿವೆ ನೋಡುತ್ತಿದ್ದ ಮಾವನವರು

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರು ಹಳದಿಯಾಗಿತ್ತು. ತಿಕ್ಕಿ ತೊಳೆದರೂ ಹೋಗದ ಹಳದಿ. ಬೋರಾಮಣಿಯ ನಮ್ಮ ಹೊಲದ ಬದುವಿನಲ್ಲಿ ಬೀರಪ್ಪನ ಸಣ್ಣ ಗುಡಿಯಿತ್ತು, ಅದರ ಪೂಜೆ ನಮ್ಮ ಮನೆತನದ್ದು. ದೇವರ ಭಂಡಾರ, ಅಂದರೆ ಅರಿಶಿನ ಪುಡಿ, ತುಂಬಿದ ಚೀಲ ಸದಾ ಅವರ ಸೊಂಟದಲ್ಲಿರುತ್ತಿತ್ತು. ಬಂದವರ ಹಣೆಗೆ ಆ ಹೆಬ್ಬೆರಳಿನಿಂದಲೇ ಒತ್ತುತ್ತಿದ್ದರು. ಅದೇ ಹೆಬ್ಬೆರಳಿನಿಂದ ಕುರಿಯ ಹಿಕ್ಕೆಯನ್ನೂ ಹಿಸುಕಿ, ಮೂಗಿನ ಹತ್ತಿರ ಹಿಡಿದು, "ಹೂಂ" ಅನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಕೈ ಕಂಡಾಗಲೆಲ್ಲ ನನಗೆ ಒಂದೇ ಯೋಚನೆ. ಈಗ ಇದು ದೇವರ ಕೆಲಸ ಮುಗಿಸಿ ಬಂದ ಕೈಯೋ, ಕುರಿಯ ಕೆಲಸ ಮುಗಿಸಿ ಬಂದ ಕೈಯೋ?

ನನ್ನ ತವರು ಅಕ್ಕಲಕೋಟೆ ಕಡೆಯ ಕರಜಗಿ. ನಮ್ಮದೂ ಹಾಲುಮತದ ಮನೆಯೇ, ಕುರಿ ಕಂಡೇ ಬೆಳೆದವಳು ನಾನು. ಆದರೆ ನಮ್ಮಪ್ಪ ಕುರಿಗಳನ್ನು ಆಳುಗಳ ಕೈಗೆ ಬಿಟ್ಟು ಹೊಲ ನೋಡಿಕೊಂಡವನು. ನನಗೆ ಕನ್ನಡದಲ್ಲಿ ನಾಲ್ಕಕ್ಷರ ಕಲಿಸಿದವನೂ ಅವನೇ. ಅದರ ಸೊಕ್ಕು ನನಗೆ ಸಾಕಷ್ಟಿತ್ತು. ಬೋರಾಮಣಿಗೆ ಬಂದಾಗ, ಇಂಥ ದೊಡ್ಡ ರುಮಾಲಿನ ಮನುಷ್ಯ ಹಿಕ್ಕೆ ಮೂಸುತ್ತಾನಲ್ಲ ಎಂದು ಒಳಗೊಳಗೇ ನಗುತ್ತಿದ್ದೆ.

ಎದುರಿಗೆ ನಗುವ ಪ್ರಶ್ನೆಯೇ ಇರಲಿಲ್ಲ. ಆ ಮನೆಯಲ್ಲಿ ಸೊಸೆಯಾದವಳು ಮಾವನ ಮುಂದೆ ನಿಲ್ಲುವಂತಿಲ್ಲ, ಮಾವನಾದವನು ಸೊಸೆಯ ಜೊತೆ ನೇರ ಮಾತಾಡುವಂತಿಲ್ಲ. ಅವರಿಗೆ ಏನಾದರೂ ಬೇಕಾದರೆ ಅಂಗಳದಲ್ಲಿ ಬಿದ್ದುಕೊಂಡಿರುತ್ತಿದ್ದ ಕಪ್ಪು ನಾಯಿಗೆ ಹೇಳುತ್ತಿದ್ದರು. "ಏ ಕರಿಯಾ, ರೊಟ್ಟಿ ಸಾಕತ್ತ ಹೇಳು. ಪಲ್ಯಾದಾಗ ಉಪ್ಪ ಕಡಿಮಿ ಆಗ್ಯದ, ಅದನೂ ಹೇಳು." ಕರಿಯ ಬಾಲ ಆಡಿಸುತ್ತಿತ್ತು, ನಾನು ಒಳಗಿನಿಂದ ಉಪ್ಪು ಕಳಿಸುತ್ತಿದ್ದೆ. ಹೀಗೆ ನಮ್ಮಿಬ್ಬರ ನಡುವಿನ ಮಾತುಕತೆ ಎಷ್ಟೋ ಕಾಲ ಆ ನಾಯಿಯ ಮೂಲಕವೇ ನಡೆಯಿತು.

ಮಾವನವರು ಆಳು ಎತ್ತರ. ನಮ್ಮ ಮನೆಯ ಬಾಗಿಲಿಗೆ ಬಗ್ಗಿ ಬಗ್ಗಿ ಬೆನ್ನೇ ಸ್ವಲ್ಪ ಬಾಗಿತ್ತು. ಬೇಸಿಗೆಯಲ್ಲೂ ಹೆಗಲಿನಿಂದ ಕಂಬಳಿ ಇಳಿಯುತ್ತಿರಲಿಲ್ಲ. ಹುಲ್ಲುಗಾವಲಿನಲ್ಲಿ ನಿಂತು ಕುರಿ ಕರೆದರೆ ಊರಿನ ಈ ತುದಿಗೆ ಕೇಳುತ್ತಿದ್ದ ದನಿ ಮನೆಯ ಹೊಸ್ತಿಲ ಹತ್ತಿರ ಬಂದ ಕೂಡಲೇ ತಗ್ಗಿಬಿಡುತ್ತಿತ್ತು. ಕುರಿಯ ವಿಷಯ ಬಂದರೆ ಮಾತ್ರ ಆ ಮನುಷ್ಯನಿಗೆ ಮಾತು ಬರುತ್ತಿತ್ತು. ಮಗನಿಗೆ, ಅಂದರೆ ನನ್ನ ಗಂಡನಿಗೆ, ಅಂಗಳದಲ್ಲಿ ಕೂತು ಹೇಳಿಕೊಡುವುದು ನನಗೆ ಒಳಗೆ ಕೇಳಿಸುತ್ತಿತ್ತು. "ಮರಿ ಬಾಯಿಲೆ ಏನೂ ಹೇಳಾಂಗಿಲ್ಲ, ತಮ್ಮಾ. ಅದರ ಬಾಲ ಎತ್ತಿ ನೋಡು. ಮೊದಲ ಕರಿ ಜಿಗಟ ಹೋಗಬೇಕು, ಆಮ್ಯಾಲ ಹಳದಿ ಆಗಬೇಕು. ಹಳದಿ ಆತಂದ್ರ ತಾಯಿ ಹಾಲ ಹೊಟ್ಟಿಗಿ ಬಿದ್ದದ. ಬಾಲ ಒಣಗೇ ಇದ್ದರ ಮರಿ ಉಪಾಸ ಅದ, ತಿಳ್ಕೋ."

ನನಗೆ ಈ ಮಾತು ಕೇಳಿ ಓಕರಿಕೆ ಬರುತ್ತಿತ್ತು. ಹೊಟ್ಟೆಯಲ್ಲಿದ್ದ ಕೂಸೂ ಅದಕ್ಕೆ ಕಾರಣವಿರಬಹುದು, ಆಗ ನಾನು ಬಸುರಿ.

ಚೊಚ್ಚಲು ಹೆರಿಗೆ ತವರಿನಲ್ಲಾಗಬೇಕು. ಆದರೆ ನನ್ನ ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಗಂಡಸರೇ ಇರುವ ಮನೆಗೆ ಕಳಿಸಿ ಏನು ಮಾಡುವುದೆಂದು ಅತ್ತೆಯವರು ನನ್ನನ್ನು ಬೋರಾಮಣಿಯಲ್ಲೇ ಇರಿಸಿಕೊಂಡರು. ಸುಗ್ಗಿ ಮುಗಿಯುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಮೂಲೆಯ ಕತ್ತಲೆ ಕೋಣೆ ಬಾಣಂತಿ ಕೋಣೆಯಾಯಿತು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ತಲೆಗೆ ಕಿವಿಮುಚ್ಚಿ ಕಟ್ಟಿದ ಅರಿವೆ, ಬಾಯಿಗೆ ಓಮದ ಪುಡಿ. ಕುಡಿಯಲು ಸಣ್ಣ ಗಿಂಡಿಯಲ್ಲಿ ಒಂದಿಷ್ಟು ಬಿಸಿನೀರು, ಅದೂ ಅತ್ತೆಯವರ ಕೈಯಿಂದಲೇ. ಬಾಯಿ ಒಣಗಿ ಇನ್ನೊಂದು ಗುಟುಕು ಬೇಡಿದರೆ ಅವರ ಮುಖ ಗಂಟಿಕ್ಕುತ್ತಿತ್ತು.

"ಬ್ಯಾಡ ನನ ಮಗಳ. ಬಾಣಂತಿ ನೀರ ಕುಡದರ ಕೂಸಿಗಿ ಥಂಡಿ ಹತ್ತತದ."

ನಮ್ಮ ಮನೆತನಕ್ಕೆ ಇನ್ನೊಂದು ಕಟ್ಟುಪಾಡಿತ್ತು. ಭಂಡಾರದ ಚೀಲ ಸೊಂಟಕ್ಕೆ ಕಟ್ಟಿದ ಗಂಡಸು ಬಾಣಂತಿ ಕೋಣೆಯ ಹೊಸ್ತಿಲು ದಾಟಬಾರದು. ಬಾಣಂತಿಯ, ಕೂಸಿನ ಹೊಲಸು ಅರಿವೆ ಅವನ ಕಣ್ಣಿಗೂ ಬೀಳಬಾರದು. ಅದಕ್ಕೇ ಕೂಸಿನ ಅರಿವೆಗಳನ್ನು, ಹಳೇ ಸೀರೆ ಧೋತರ ಹರಿದು ಮಾಡಿದ ತುಂಡುಗಳವು, ಹಿತ್ತಲಲ್ಲಿ ಒಗೆದು ದನದ ಕೊಟ್ಟಿಗೆಯ ಹಿಂದೆ, ಯಾರಿಗೂ ಕಾಣದ ಬೇಲಿಯ ಮೇಲೆ ಒಣಹಾಕುತ್ತಿದ್ದರು.

ಮೊದಲ ದಿನ ಅರಿವೆ ಬಿಚ್ಚಿ ನೋಡಿ ನಾನು ಚೀರಿದ್ದೆ. ಗಾಡಿಯ ಕೀಲಿಗೆ ಹಚ್ಚುವ ಮಸಿಯಂಥ ಕಪ್ಪು ಜಿಗಟು ಕೂಸಿನ ತೊಡೆಗೆಲ್ಲ ಮೆತ್ತಿತ್ತು. ಅತ್ತೆಯವರು ನಕ್ಕರು. "ಹೊಟ್ಟ್ಯಾಗಿಂದು ಹೊರಗ ಬರಾಕತ್ತದ, ಬರಲಿ." ಆಮೇಲೆ ಅದು ಪಾಚಿಯ ಬಣ್ಣಕ್ಕೆ ತಿರುಗಿತು, ಆಮೇಲೆ ತೆಳುವಾಗಿ, ಕಾಳುಕಾಳಾಗಿ, ಕುಸುಬೆಯ ಹೂವಿನ ಹಳದಿಗೆ ಬಂತು. ಅಂಗಳದಲ್ಲಿ ಮಗನಿಗೆ ಹೇಳುತ್ತಿದ್ದ ಪಾಠ ನನಗೆ ನೆನಪಾಯಿತು. ನನ್ನ ಕೂಸಿಗೂ ಕುರಿಮರಿಗೂ ಒಂದೇ ಲೆಕ್ಕವೇ ಎಂದು ಸಿಟ್ಟೂ ಬಂತು.

ಹೀಗಿರುವಾಗ ಒಂದು ಮುಂಜಾನೆ ಕೋಣೆಯ ಕಿಂಡಿಯಿಂದ ಹಿತ್ತಲು ನೋಡುತ್ತಿದ್ದೆ. ಮಾವನವರು ಬಂದರು. ಆ ಕಡೆ ಈ ಕಡೆ ನೋಡಿದರು. ಸೊಂಟದಿಂದ ಭಂಡಾರದ ಚೀಲ ಬಿಚ್ಚಿ, ಹಣೆಗೊತ್ತಿಕೊಂಡು, ಬೇವಿನ ಗಿಡದ ಟೊಂಗೆಗೆ ತೂಗುಹಾಕಿದರು. ಆಮೇಲೆ ಒಂದು ಕಡ್ಡಿ ತೆಗೆದುಕೊಂಡು, ಇನ್ನೂ ಒಗೆಯದೆ ಗುಂಪಾಗಿ ಇಟ್ಟಿದ್ದ ಕೂಸಿನ ಅರಿವೆಗಳನ್ನು ಒಂದೊಂದಾಗಿ ಹೊರಳಿಸಿ ನೋಡತೊಡಗಿದರು. ನೋಡಿ, ಕೈ ತೊಳೆದು, ಚೀಲ ಕಟ್ಟಿಕೊಂಡು ಏನೂ ಆಗದವರಂತೆ ಕುರಿಯ ಕಡೆ ಹೊರಟರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎದುರಿಗೆ ಮುಖ ತೋರಿಸದ ಸೊಸೆ ನಾನು, ನನ್ನ ಕೋಣೆಯ ಅರಿವೆಯನ್ನು ಆ ಮನುಷ್ಯ ಹೊರಳಿಸುವುದೆಂದರೇನು!

ಮರುದಿನವೂ ಅದೇ, ಅದರ ಮರುದಿನವೂ ಅದೇ. ಕಡೆಗೆ ತಡೆಯಲಾರದೆ ಅತ್ತೆಯವರಿಗೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ನೋಡಲಿ ಬಿಡು. ಒಮ್ಮೆ ನೋಡಿದ್ದಿಲ್ಲ, ಅದಕ್ಕ ಈಗ ನೋಡತಾರ."

ಅವತ್ತು ಅವರು ನನಗೆ ಹೇಳಿದ್ದು ಇದು. ಅವರ ಚೊಚ್ಚಲು ಕೂಸು ಗಂಡು. ಹುಟ್ಟಿದಾಗ ದುಂಡಗಿತ್ತಂತೆ. ಕೆಲವು ದಿನ ಕಳೆದ ಮೇಲೆ ಅಳುವುದು ಕಡಿಮೆಯಾಯಿತು, ಹಗಲೆಲ್ಲ ನಿದ್ದೆ. ನೋಡಿದವರೆಲ್ಲ ಎಂಥ ಸಾಧು ಕೂಸು ಎಂದು ಹೊಗಳಿದರು. ಆದರೆ ಅರಿವೆ ತೊಯ್ಯುತ್ತಿರಲಿಲ್ಲ. ಬಿಚ್ಚಿದರೆ ಒಣಗಿದ್ದು, ಇಲ್ಲವೆ ಕಡುಹಸಿರಿನ ಒಂದು ಸಣ್ಣ ಕಲೆ. ಎಳೆ ಪ್ರಾಯದ ಬಾಣಂತಿಗೆ ದಿಗಿಲಾಗಿ ಬಾಗಿಲ ಮರೆಯಿಂದ ಗಂಡನನ್ನು ಕರೆದು, "ಒಳಗ ಬಂದು ಒಮ್ಮೆ ನೋಡ್ರಿ, ಅರಿವಿ ಒಣಗೇ ಇರ್ತಾವ" ಎಂದಿದ್ದಳು. ಹೊಸದಾಗಿ ಪೂಜೆಯ ಪಾಳಿ ಹೊತ್ತಿದ್ದ ಗಂಡ ಹೊಸ್ತಿಲ ಆಚೆಯಿಂದಲೇ, "ನನ್ನ ಸೊಂಟದಾಗ ಭಂಡಾರ ಅದ. ಅರಿವಿ ನೋಡೂದು ಹೆಂಗಸರ ಕೆಲಸ" ಎಂದು ಹೋಗಿಬಿಟ್ಟರು. ಕೂಸು ನಿದ್ದೆಯಲ್ಲೇ ಹೋಯಿತು.

"ಅವರದೇನೂ ತಪ್ಪಿಲ್ಲ ಬಿಡು," ಅಂದರು ಅತ್ತೆಯವರು. ದನಿ ಬಹಳ ತಗ್ಗಿತ್ತು. "ತಪ್ಪ ನಂದು. ನೀರಡಿಕಿ ತಡಿಲಾರದ ಕದ್ದು ಕೊಡದಾಗಿನ ನೀರ ಕುಡದಿದ್ದೆ. ಅದಕ್ಕ ಕೂಸಿಗಿ ಥಂಡಿ ಹತ್ತಿ ಹೋತು. ಯಾರ ಮುಂದೂ ಹೇಳಬ್ಯಾಡ."

ನನಗೆ ಕೊಡುವ ನೀರಿನ ಗಿಂಡಿ ಯಾಕೆ ಅಷ್ಟು ಸಣ್ಣದೆಂದು ಅವತ್ತು ತಿಳಿಯಿತು. ಅವರು ನನ್ನನ್ನು ಕಾಡುತ್ತಿರಲಿಲ್ಲ, ನನ್ನ ಕೂಸನ್ನು ಕಾಯುತ್ತಿದ್ದರು. ಆಮೇಲೆ ನಾನು ನೀರು ಬೇಡುವುದನ್ನೇ ಬಿಟ್ಟೆ.

ಬಿಸಿಲು ಏರತೊಡಗಿತು. ಅಗ್ಗಿಷ್ಟಿಕೆ ಹೊರಸಿನ ಕೆಳಗೇ ಇತ್ತು. ನನ್ನ ತುಟಿ ಒಡೆದವು. ಕೂಸಿಗೆ ಮೊಲೆ ಕೊಟ್ಟರೆ ಸ್ವಲ್ಪ ಚೀಪಿ ಹಾಗೇ ಕಣ್ಣು ಮುಚ್ಚುತ್ತಿತ್ತು. ಅಳುವುದು ಕಡಿಮೆಯಾಯಿತು. ಓಣಿಯ ಹೆಂಗಸರು ಬಂದು, "ಎಷ್ಟು ಸಾಧು ಕೂಸವ್ವಾ, ಇದ್ದದ್ದೇ ಗೊತ್ತಾಗಾಂಗಿಲ್ಲ" ಎಂದು ಹೊಗಳಿ ಹೋದರು. ಆ ಹೊಗಳಿಕೆ ಕೇಳಿ ನಾನು ಹಿಗ್ಗಿದೆ. ಅತ್ತೆಯವರ ಮುಖ ಮಾತ್ರ ಸಣ್ಣದಾಯಿತು, ಆ ಮಾತನ್ನು ಅವರು ಹಿಂದೊಮ್ಮೆ ಕೇಳಿದ್ದವರು. ಅವರು ಮಾಡಿದ್ದೇನೆಂದರೆ ನೀರಿನ ಗಿಂಡಿಯನ್ನು ಇನ್ನೂ ಕಡಿಮೆ ತುಂಬಿದ್ದು, ಕೆಂಡ ಇನ್ನಷ್ಟು ಹಾಕಿದ್ದು.

ಅಂಗಳದಲ್ಲಿ ಮಾವನವರು ಕರಿಯನ ಜೊತೆ ಮಾತಾಡುವುದು ಹೆಚ್ಚಾಯಿತು. "ಏ ಕರಿಯಾ, ಅರಿವಿ ಯಾಕ ಇಷ್ಟ ಕಡಿಮಿ ಬರಾಕತ್ತಾವ, ಕೇಳು." ಅತ್ತೆಯವರು ಒಳಗಿನಿಂದ, "ಕೂಸು ಮಲಗತದ, ಅದಕ್ಕ ಕಡಿಮಿ" ಅನ್ನುವರು. ಮತ್ತೆ ಸಂಜೆಗೆ, "ಕರಿಯಾ, ಹಸಿರ ಬಂದದ, ಹಳದಿ ಹೋಗ್ಯದ. ಬಾಣಂತಿಗಿ ನೀರ ಕೊಡತಾರೋ ಇಲ್ಲೋ ಕೇಳು." ಈ ಸಲ ಅತ್ತೆಯವರು ಪಾತ್ರೆಗಳನ್ನು ಜೋರಾಗಿ ಕುಕ್ಕಿ ಇಟ್ಟರು.

ಮರುದಿನ ನಡುಮಧ್ಯಾಹ್ನ. ಅತ್ತೆಯವರು ಕೋಣೆಯೊಳಗೆ ಬಜೆ ತೇಯುತ್ತ ಕೂತಿದ್ದರು. ಕೂಸು ನನ್ನ ಮಗ್ಗುಲಲ್ಲಿ ಮಲಗಿತ್ತು, ಅದರ ಅರಿವೆ ಮುಂಜಾನೆ ಕಟ್ಟಿದ್ದೇ, ಒಣಗೇ ಇತ್ತು. ಹೊಸ್ತಿಲ ಮೇಲೆ ನೆರಳು ಬಿತ್ತು. ಮಾವನವರು ನಿಂತಿದ್ದರು, ಬಾಗಿಲ ಚೌಕಟ್ಟಿಗೆ ಕೈಯೂರಿ. ಸೊಂಟಕ್ಕೆ ಕೈ ಹಾಕಿ ಚೀಲ ಬಿಚ್ಚಿದರು. ಈ ಸಲ ಬೇವಿನ ಗಿಡದವರೆಗೆ ಹೋಗಲಿಲ್ಲ, ಬಾಗಿಲ ಪಕ್ಕದ ಗೂಟಕ್ಕೇ ಹಾಕಿದರು. ಬಗ್ಗಿ, ಹೊಸ್ತಿಲು ದಾಟಿ ಒಳಗೆ ಬಂದರು. ಅತ್ತೆಯವರು ಕೂತಲ್ಲೇ ಹಿಂದಕ್ಕೆ ಸರಿದರು. ನಾನು ಸೆರಗು ಎಳೆದುಕೊಂಡು ಗೋಡೆಗೆ ತಿರುಗಿದೆ.

"ಯವ್ವಾ, ಈ ಕಡಿ ತಿರುಗು," ಅಂದರು. ನಾಯಿಗಲ್ಲ, ನನಗೆ. ಅದು ಅವರು ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು. "ಕೂಸು ಸಾಧು ಇಲ್ಲ. ಅದಕ ಅಳಾಕ ಶಕ್ತಿ ಇಲ್ಲ. ಎಬ್ಬಿಸು. ಅಂಗಾಲ ತಿಕ್ಕಿ ಎಬ್ಬಿಸಿ ಹಾಲ ಕುಡಸು."

ಅತ್ತೆಯವರು ಎದ್ದು ನಿಂತರು. "ನೀವು ಒಳಗ ಬಂದ್ರಿ! ದೇವರ ಕಟ್ಟಳಿ…"

"ದೇವರಿಗಿ ನಾ ಹೇಳಿ ಬಂದೀನಿ. ನೀ ಮೊದಲ ಬಾಣಂತಿಗಿ ತಂಬಿಗಿ ತುಂಬ ನೀರ ಕೊಡು."

"ನೀರ ಕುಡದೇ ನನ ಕೂಸು ಹೋತು!" ಅತ್ತೆಯವರು ಕೂಗಿಬಿಟ್ಟರು. ಯಾರ ಮುಂದೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡದ್ದನ್ನು ತಾವೇ ಗಂಡನ ಮುಂದೆ ಹೇಳಿದರು. "ನಾ ಕದ್ದು ಕುಡದೆ. ಇಷ್ಟ ವರ್ಷ ನಿಮಗ ಹೇಳಿದ್ದಿಲ್ಲ. ಕದ್ದು ಕುಡದೆ, ಅದಕ್ಕ ಹೋತು."

ಮಾವನವರು ಅಲ್ಲೇ ಅಗ್ಗಿಷ್ಟಿಕೆಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಆಗ ಅವರು ಆಡಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

"ಕೇಳ ಇಲ್ಲಿ. ಆ ಕೂಸು ನೀರಿನ ಸಲವಾಗಿ ಹೋಗಲಿಲ್ಲ. ಹಾಲ ಸಾಲದ ಹೋತು. ಅದೇ ವರ್ಷ ಒಂದ ಮರಿ ಹಂಗ ಮಾಡಾಕತ್ತಿತ್ತು. ಸುಮ್ಮ ಮಲಗೂದು, ಬಾಲ ಒಣಗಿದ್ದು, ಥೋಡೆ ಹಸಿರು. ನೋಡಿದ ಕೂಡಲೇ ನನಗ ತಿಳೀತು. ತಾಯಿ ಕೆಚ್ಚಲ ಹಿಂಡಿ, ಮರೀನ ಬಾಯಿಗಿ ಹಚ್ಚಿ, ಬದುಕಿಸಿದೆ. ಬದುಕಿಸಿದ ಮ್ಯಾಲ ತಲಿಗಿ ಹೊಳೀತು. ನೀ ಬಾಗಲ ಹಿಂದ ನಿಂತು ಹೇಳಿದ್ದಿ ಅಲ್ಲ, ಅದೇ ಇದು. ಮರೀದು ತಿಳಿತಿತ್ತು ನನಗ. ಮಗಂದ ನೋಡಲಿಲ್ಲ. ಒಂದ ಹೊಸ್ತಿಲ ದಾಟಿದ್ದರ ಮುಗೀತಿತ್ತು."

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಹೆಂಗ ಹೇಳಲಿ? ನೀ ನಂದೇ ತಪ್ಪಂತ ಅಳತಿದ್ದಿ, ಅದು ಎದರ ಸಲವಾಗಿ ಅಂತ ನನಗ ಗೊತ್ತಿದ್ದಿಲ್ಲ. ನಾ ಕೇಳಲೂ ಇಲ್ಲ."

ಅತ್ತೆಯವರು ಅಳಲಿಲ್ಲ. ಅಡುಗೆಮನೆಗೆ ಹೋಗಿ ಕೊಡದಿಂದ ದೊಡ್ಡ ತಂಬಿಗೆ ತುಂಬ ನೀರು ತಂದು ನನ್ನ ಕೈಗೆ ಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತರು. ಕೆಂಡದ ಅಗ್ಗಿಷ್ಟಿಕೆಯನ್ನು ಕಾಲಿನಿಂದ ಹೊಸ್ತಿಲ ಆಚೆ ತಳ್ಳಿದರು. ಅಷ್ಟು ರುಚಿಯ ನೀರನ್ನು ಮುಂದೆ ನಾನು ಎಲ್ಲೂ ಕುಡಿಯಲಿಲ್ಲ.

ಅವತ್ತೇ ಗಾಡಿ ಕಟ್ಟಿಸಿದರು. ಅತ್ತೆಯವರು ನನ್ನ ಜೊತೆ ಗಾಡಿಯಲ್ಲಿ ಕೂತರು, ನನ್ನ ಗಂಡ ಎತ್ತು ಹೊಡೆದ, ಮಾವನವರು ಪಕ್ಕದಲ್ಲಿ ನಡೆದರು. ಸೋಲಾಪುರದ ದವಾಖಾನೆಯಲ್ಲಿ ಬಾಣಂತಿಯರನ್ನು ನೋಡುವ ಒಬ್ಬ ಮರಾಠಿ ನರ್ಸ್‌ಬಾಯಿ ಇದ್ದಳು. ಕೂಸಿನ ಅರಿವೆ ಬಿಚ್ಚಿ, ನೆತ್ತಿ ಮುಟ್ಟಿ, ತೊಡೆಯ ಚರ್ಮ ಚಿವುಟಿ ನೋಡಿ, "ಬಾಳ ಉಪಾಶಿ ಆಹೆ" ಅಂದಳು. ಕೂಸು ಹಸಿದಿದೆ. ಕೂಸು ಬರೀ ತೊಟ್ಟಿನ ತುದಿ ಚೀಪುತ್ತಿದೆ, ಬಾಯಿ ದೊಡ್ಡದಾಗಿ ತೆರೆಸಿ ಹಚ್ಚಬೇಕು ಎಂದು ನನ್ನ ಕೈ ಹಿಡಿದು ತೋರಿಸಿದಳು. ಎಬ್ಬಿಸಿ ಎಬ್ಬಿಸಿ ಕುಡಿಸು, ಎರಡೂ ಕಡೆ ಕುಡಿಸು, ನೀನು ಹೊಟ್ಟೆ ತುಂಬ ಉಣ್ಣು, ನೀರಡಿಕೆಯಾದಷ್ಟು ನೀರು ಕುಡಿ, ಅರಿವೆ ಎಷ್ಟು ತೊಯ್ಯುತ್ತವೆ ನೋಡುತ್ತಿರು, ಸುಧಾರಿಸದಿದ್ದರೆ ತಡಮಾಡದೆ ತಿರುಗಿ ಕರೆದುಕೊಂಡು ಬಾ ಅಂದಳು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು, ಮೊದಲು ಗಮನಿಸಿದವರು ಯಾರು ಎಂದು ಕೇಳಿದಳು.

ಬಾಗಿಲ ಹೊರಗೆ ಕಂಬಳಿ ಮುಸುಕು ಹಾಕಿಕೊಂಡು ನಿಂತಿದ್ದ ಮಾವನವರಿಗೆ ಅದು ಕೇಳಿಸಿತು. "ಕೂಸಿನ ಆಯಿ ನೋಡ್ಯಾಳ್ರಿ, ಆಯಿ," ಎಂದು ಅಲ್ಲಿಂದಲೇ ಕೂಗಿದರು. ಆಯಿ, ಅಂದರೆ ಅಜ್ಜಿ, ಅಂದರೆ ನಮ್ಮ ಅತ್ತೆಯವರು. ಅತ್ತೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆ ದವಾಖಾನೆಯಲ್ಲಿ, ಅಂಥ ಹೊತ್ತಿನಲ್ಲಿ, ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ.

ಸೋಲಾಪುರದಲ್ಲೇ ಪರಿಚಯದವರ ಮನೆಯಲ್ಲಿ ಕೆಲವು ದಿನ ಉಳಿದೆವು. ಕೂಸು ಮೊದಲು ಚೀಪಿತು, ಆಮೇಲೆ ಕುಡಿಯಿತು, ಆಮೇಲೆ ಗಂಟಲು ಹರಿಯುವಂತೆ ಅಳಲು ಕಲಿಯಿತು. ಅರಿವೆ ಮೊದಲ ಸಲ ತೊಪ್ಪನೆ ತೊಯ್ದಾಗ ಅತ್ತೆಯವರು ಅದನ್ನು ಎರಡು ಕೈಯಲ್ಲಿ ಹಿಡಿದು ಅಂಗಳಕ್ಕೆ ಓಡಿದರು. ಮಾವನವರು ಅದನ್ನು ತೆಗೆದುಕೊಂಡು ಕೈಯಲ್ಲಿ ತೂಗಿ ನೋಡಿದರು. ಹಿಂಡಿದರೆ ನೀರು ಇಳಿಯುತ್ತಿತ್ತು. ಮರುದಿನ ಹಸಿರು ಹೋಗಿ ಹಳದಿ ಬಂತು. ಆ ಮನುಷ್ಯ ರುಮಾಲಿನ ಚುಂಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಅವರಿಗೆ ಎಲ್ಲವೂ ಗೊತ್ತಿತ್ತೆಂದು ತಿಳಿಯಬೇಡಿ. ಕೂಸಿಗೆ ಕೆಲವು ತಿಂಗಳಾದ ಮೇಲೆ ಒಂದು ಸಲ ದಿನಗಟ್ಟಲೆ ಅರಿವೆಗೆ ಮಲವೇ ಬರಲಿಲ್ಲ. ಉಚ್ಚೆಗೇನೂ ಕೊರತೆಯಿರಲಿಲ್ಲ, ಕೂಸು ನಗುತ್ತಿತ್ತು, ಕೈಕಾಲು ಬಡಿಯುತ್ತಿತ್ತು. ಆದರೂ ಮಾವನವರ ಜೀವ ನಿಲ್ಲದು. ಕುರಿಮರಿಗೆ ಕುಡಿಸುವ ಹಾಗೆ ಔಡಲೆಣ್ಣೆ ಕುಡಿಸೋಣ ಎಂದು ಬಟ್ಟಲು ಹಿಡಿದು ಬಂದೇಬಿಟ್ಟರು. ಈ ಸಲ ಅತ್ತೆಯವರು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಇದು ನಿಮ್ಮ ಹಿಂಡಿನ ಮರಿ ಅಲ್ಲ. ಅರಿವಿ ತೊಯ್ತಾವ, ಕೂಸು ಆಡತದ. ಸುಮ್ಮ ಕೂಡ್ರಿ. ಕಾಳಜಿ ಇದ್ದರ ಹೋಗಿ ನರ್ಸಬಾಯಿನ ಕೇಳಿ ಬರ್ರಿ."

ಅವರು ನಿಜವಾಗಿಯೂ ಹೋದರು! ಕಂಬಳಿ ಹೊದ್ದು, ಕೋಲು ಹಿಡಿದು, ಸೋಲಾಪುರದವರೆಗೆ ನಡೆದು, ದವಾಖಾನೆಯಲ್ಲಿ ಸಾಲಾಗಿ ಕೂತ ಹೆಂಗಸರ ನಡುವೆ ನಿಂತು, ಕುರಿ ಕರೆಯುವ ದನಿಯಲ್ಲಿ ಮೊಮ್ಮಗಳ ಮಲದ ವಿಚಾರ ಕೇಳಿದರಂತೆ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರಂತೆ. ತಾಯಿಯ ಹಾಲನ್ನಷ್ಟೇ ಕುಡಿಯುವ ಕೂಸು ಸ್ವಲ್ಪ ದೊಡ್ಡದಾದ ಮೇಲೆ ಹೀಗೆ ಮಾಡುವುದುಂಟು, ಅರಿವೆ ತೊಯ್ಯುತ್ತಿದ್ದು, ಕೂಸು ಚೆನ್ನಾಗಿ ಕುಡಿಯುತ್ತ ಆಡುತ್ತಿದ್ದು, ಬಂದಾಗ ಮಲ ಮೆತ್ತಗಿದ್ದರೆ ಹೆದರಬೇಡ, ಎಣ್ಣೆಗಿಣ್ಣೆ ಹಾಕಬೇಡ, ಗಟ್ಟಿಯಾಗಿ ಬಂದರೆ, ರಕ್ತ ಕಂಡರೆ, ಸುಣ್ಣದ ಹಾಗೆ ಬೆಳ್ಳಗಾದರೆ ಕರೆದುಕೊಂಡು ಬಾ ಎಂದು ನರ್ಸ್‌ಬಾಯಿ ಹೇಳಿ ಕಳಿಸಿದಳು. ತಿರುಗಿ ಬಂದು ಅದಷ್ಟನ್ನೂ ಅಂಗಳದಲ್ಲಿ ಪಾಠ ಒಪ್ಪಿಸಿದರು. ಒಪ್ಪಿಸುತ್ತಿರುವಾಗಲೇ ಕೂಸು ಅತ್ತೆಯವರ ತೊಡೆಯ ಮೇಲೆ ಎಲ್ಲವನ್ನೂ ಒಂದೇ ಸಲ ಮುಗಿಸಿತು. ಮೆತ್ತಗೇ ಇತ್ತು.

ಅಷ್ಟರಲ್ಲಿ ಹೊಸ್ತಿಲು ದಾಟಿದ ಸುದ್ದಿ ಭಾವಬಂದರಿಗೆ, ನಮ್ಮ ದಾಯಾದಿಗಳಿಗೆ, ತಿಳಿದಿತ್ತು. ಗುಡಿಯ ಮುಂದೆ ಕೂಡಿ, ಕಟ್ಟಳೆ ಮುರಿದಿದೆ, ಸ್ನಾನ ಮಾಡಿ ಶುದ್ಧಿ ಮಾಡಿಕೋ, ಮತ್ತೆ ಚೀಲ ಕಟ್ಟಿಕೋ ಎಂದರು. ದೊಡ್ಡ ಶಿಕ್ಷೆಯೇನೂ ಅಲ್ಲ. ಮಾವನವರು ಸ್ನಾನ ಮಾಡಿದರು, ಗುಡಿಗೆ ಕೈ ಮುಗಿದರು, ಚೀಲವನ್ನು ತಮ್ಮನ ಕೈಯಲ್ಲಿಟ್ಟರು.

"ದೇವರು ನನ್ನ ಮ್ಯಾಲ ಸಿಟ್ಟಾಗಿಲ್ಲ. ಆದರ ಇದು ಸೊಂಟದಾಗ ಇದ್ದರ ನಾ ಮತ್ತ ಹೊಸ್ತಿಲ ಮ್ಯಾಲೇ ನಿಂದರತೀನಿ. ನನ್ನ ಗುಣ ನನಗ ಗೊತ್ತದ."

ಆ ಪೂಜೆ ಅವರ ಅಪ್ಪನಿಂದ ಬಂದದ್ದು. ಅದನ್ನು ಬಿಟ್ಟದ್ದು ಅವರಿಗೆ ಎಷ್ಟು ನೋವಾಯಿತೆಂದು ನನಗೆ ಗೊತ್ತು. ಸಂಜೆ ಗುಡಿಯ ಕಡೆಯಿಂದ ಡೊಳ್ಳು ಕೇಳಿಸಿದರೆ ಅವರ ಕೈ ತಾನೇ ಸೊಂಟಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ, ತಿರುಗಿ ಬರುತ್ತಿತ್ತು. ನಿಧಾನವಾಗಿ ಹೆಬ್ಬೆರಳಿನ ಹಳದಿಯೂ ಹೋಯಿತು. ಮನೆಯಲ್ಲಿ ಅವರು ಮಾಡಿದ ಇನ್ನೊಂದು ಬದಲಾವಣೆಯೆಂದರೆ ಕೊಟ್ಟಿಗೆ ಹಿಂದಿನ ಬೇಲಿಯ ಮೇಲೆ ಒಣಗುತ್ತಿದ್ದ ಕೂಸಿನ ಅರಿವೆಗಳಿಗೆ ಮುಂದಿನ ಅಂಗಳದಲ್ಲಿ, ಓಣಿಗೇ ಕಾಣುವಂತೆ, ಹಗ್ಗ ಕಟ್ಟಿದ್ದು. ಬೀಗರು ಬಂದು ಮೂಗು ಮುರಿದರೆ, "ತೊಯ್ದಾವ, ಒಣಗಾಕತ್ತಾವ, ಛಲೋ ಆತಲ್ಲ" ಅನ್ನುತ್ತಿದ್ದರು.

ಆಮೇಲೆ ನನಗೆ ಇನ್ನೂ ಮಕ್ಕಳಾದವು. ಪ್ರತಿ ಸಲವೂ ಮುಂಜಾನೆ ಎದ್ದು ಅವರ ಮೊದಲ ಮಾತು "ಅರಿವಿ?" ಎಂದೇ. ನಾನೂ ಒಳಗಿನಿಂದ, "ತೊಯ್ದಾವ್ರಿ, ಹಳದಿ ಅದ" ಅನ್ನುತ್ತಿದ್ದೆ. ಅವರಿಗೂ ನನಗೂ ನಡುವೆ ನಾಯಿಯಿಲ್ಲದೆ ನಡೆದದ್ದು ಹೆಚ್ಚುಕಮ್ಮಿ ಆ ಒಂದೇ ಮಾತು. ನನ್ನ ಮಗಳು ನಿಮ್ಮಿಂದ ಉಳಿದಳು ಎಂದು ಒಮ್ಮೆಯಾದರೂ ಹೇಳಬೇಕೆಂದಿದ್ದೆ. ಸೊಸೆಯಾದವಳು ಮಾವನಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದು? ಆ ಮಾತು ಇವತ್ತಿಗೂ ನನ್ನಲ್ಲೇ ಉಳಿದಿದೆ.

ಮಗಳು ಕುರಿಮರಿಯ ಹಿಂದೆ ಓಡುವಷ್ಟು ದೊಡ್ಡವಳಾದಾಗ ಮಾವನವರು ಹಾಸಿಗೆ ಹಿಡಿದರು. ಕಾಲು ಬಾವು, ಉಸಿರು ಸಾಲದು. ಅತ್ತೆಯವರ ಹಟ, ಬೇರೆಲ್ಲೂ ಬೇಡ, ಆ ಮೂಲೆಯ ಬಾಣಂತಿ ಕೋಣೆಯಲ್ಲೇ ಹೊರಸು ಹಾಕಿಸಿದರು. ಎದ್ದು ಹೊರಗೆ ಹೋಗುವುದಾಗದೆ ಅವರಿಗೂ ಹಳೇ ಧೋತರದ ಅರಿವೆ ಹಾಸಬೇಕಾಯಿತು. ಅತ್ತೆಯವರಿಗೆ ಬಗ್ಗುವುದಾಗುತ್ತಿರಲಿಲ್ಲ. ನಾನೇ ತೆಗೆದೆ, ನಾನೇ ಒಗೆದೆ. ಮೊದಲ ದಿನ ಅವರು ಗೋಡೆಗೆ ತಿರುಗಿ ಕಣ್ಣು ಮುಚ್ಚಿಕೊಂಡರು. ನಾನು ಹಿಂದೆ ಹಾಗೇ ತಿರುಗಿದ್ದು ನೆನಪಾಗಿ, "ಮಾವ, ಈ ಕಡಿ ತಿರುಗ್ರಿ. ಅರಿವಿ ತೊಯ್ದದ, ಛಲೋ ಅದ" ಅಂದೆ. ಅವರು ತಿರುಗಿದರು. ಮುಖದಲ್ಲಿ ನಗು ಬಂದಂತಿತ್ತು.

ಮಾತು ಕಡಿಮೆಯಾಗುತ್ತ ಬಂದ ದಿನಗಳಲ್ಲಿ ಒಂದೇ ಒಂದನ್ನು ಮತ್ತೆ ಮತ್ತೆ ಅನ್ನುತ್ತಿದ್ದರು. "ಆ ಕೂಸಿಂದು ನೋಡಬೇಕಿತ್ತು ನಾನು." ಮೊಮ್ಮಗಳು ಪಕ್ಕದಲ್ಲಿ ಕೂತು ಯಾವ ಕೂಸು ಎಂದು ಕೇಳಿದರೆ ಅವಳ ತಲೆ ಸವರುತ್ತಿದ್ದರು. ನೀವು ಇವಳದ್ದು ನೋಡಿದಿರಲ್ಲ ಎಂದು ಅತ್ತೆಯವರು ಎಷ್ಟು ಸಲ ಹೇಳಿದರೂ ಅವರಿಗೆ ಅದು ಸಮಾಧಾನವಾಗಲಿಲ್ಲ. ಒಂದು ಕೂಸಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲವೇನೋ.

ಒಂದು ಮುಂಜಾನೆ ಅರಿವೆ ತೆಗೆದು ನೋಡಿದೆ. ಒಣಗಿತ್ತು. ಹಿಂದಿನ ಸಂಜೆ ಹಾಸಿದ್ದು ಹಾಸಿದ ಹಾಗೇ ಇತ್ತು. ಯಾರೂ ನನಗೆ ಏನನ್ನೂ ಹೇಳಬೇಕಾಗಿರಲಿಲ್ಲ, ಹೇಳಿಕೊಟ್ಟವರು ಎದುರಿಗೇ ಮಲಗಿದ್ದರು. ಅತ್ತೆಯವರು ಬಾಗಿಲಿಗೆ ಬಂದು ನನ್ನ ಕೈ ನೋಡಿದರು.

"ಒಣಗ್ಯದೇನು?"

"ಹೂಂ, ಅತ್ತಿ."

ಅವರು ಒಳಗೆ ಬಂದು ಹೊರಸಿನ ಪಕ್ಕ ಕೂತು ಗಂಡನ ಕೈ ಹಿಡಿದರು. ಮಗನನ್ನು ಕರೆಸಿದೆವು. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಉಸಿರು ನಿಂತಿತು. ಅತ್ತೆಯವರು ಕೈ ಬಿಡಲಿಲ್ಲ.

"ಅವಾಗ ಕರದರ ಒಳಗ ಬರಲಿಲ್ಲ ನೀವು," ಅಂದರು. "ಈಗ ನಾ ಒಳಗೇ ಕುಂತೀನಿ, ನೀವು ಹೊಂಟ್ರಿ."

ನನ್ನ ಕೈಯಲ್ಲಿ ಅರಿವೆ ಹಾಗೇ ಇತ್ತು. ಒಗೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆದರೂ ಹಿತ್ತಲಿಗೆ ಹೋಗಿ ಒಗೆದು, ಹಿಂಡಿ, ಅವರು ಕಟ್ಟಿದ ಹಗ್ಗದ ಮೇಲೆ, ಮುಂದಿನ ಅಂಗಳದಲ್ಲಿ ಒಣಹಾಕಿದೆ.